ಅತ್ತೆಯವರ ಹಲ್ಲು ನುಣುಪಾದದ್ದು

ನಮ್ಮ ಯಜಮಾನರು ಬೀದರಿನಲ್ಲಿ ಹಲ್ಲು ಕಟ್ಟುತ್ತಿದ್ದರು. ನಿಜಾಮರ ಆಳ್ವಿಕೆಯ ಕೊನೆಯ ವರ್ಷಗಳವು. ಕಂದು ರಬ್ಬರಿನಲ್ಲಿ ಸೆಟ್ಟು ಮಾಡುತ್ತಿದ್ದವರಿಗೆ ಹೈದರಾಬಾದಿನಿಂದ ಅಕ್ರಿಲಿಕ್ ಎಂಬ ಹೊಸ ಪುಡಿ ಬಂತು. ಅಚ್ಚಿನಲ್ಲಿಟ್ಟು ಬೇಯಿಸಿದರೆ ಥೇಟ್ ಒಸಡಿನ ಬಣ್ಣ! ಆಗಷ್ಟೇ ಮದುವೆಯಾಗಿ ಔರಾದಿನಿಂದ ಬಂದ ನನಗೆ ನಗು ಬಂದರೆ ತಡೆಯಲು ಬರುತ್ತಿರಲಿಲ್ಲ. ಕಪಾಟಿನ ತುಂಬ ಹಲ್ಲು ಕಿಸಿದು ಕೂತ ಮನೆಗೆ ಇಂಥವಳನ್ನು ಕೊಟ್ಟದ್ದು ನಮ್ಮಪ್ಪನ ತಪ್ಪು.

ಮೊದಲ ಅಕ್ರಿಲಿಕ್ ಸೆಟ್ಟು ಅತ್ತೆಯವರಿಗೇ. ಭಾಲ್ಕಿಯಲ್ಲಿ ಅವರ ತಂಗಿಯ ಮೊಮ್ಮಗನ ಮುಂಜಿ ಇತ್ತು. ಹಿಂದಿನ ಸಲ ಹೋದಾಗ ಆ ತಂಗಿ, ತುಂಬಿದ ಪಂಕ್ತಿಯಲ್ಲಿ, “ಅಕ್ಕಗ ಹಲ್ಲಿಲ್ಲ, ಅನ್ನ ಹಿಸುಕಿ ಬಡಸ್ರಿ” ಎಂದು ಕೂಗಿದ್ದಳಂತೆ. “ಹಲ್ಲು ಬರೋತನಾ ನಾ ಭಾಲ್ಕಿಗಿ ಕಾಲಿಡಂಗಿಲ್ಲ” ಎಂದು ಅತ್ತೆಯವರು ಅವತ್ತೇ ಶಪಥ ಮಾಡಿದ್ದರು.

ಮುಂಜಿಯ ಹಿಂದಿನ ದಿನವೂ ಸೆಟ್ಟು ಸರಿಹೋಗಿರಲಿಲ್ಲ. ಎರಡು ಸಲ ಹಾಕಿಕೊಂಡು ಎರಡು ಸಲವೂ ತೆಗೆದುಬಿಟ್ಟರು. “ನಾಲಿಗಿಗಿ ಚುಚ್ಚತದ.”

ಯಜಮಾನರು ಬೆರಳಾಡಿಸಿ, “ಗಾಜಿನಂಗ ಅದಲ್ಲವ್ವಾ” ಎಂದರು. ಉಜ್ಜಿ ಉಜ್ಜಿ ದಡ್ಡುಗಟ್ಟಿದ ಆ ಬೆರಳಿಗೆ ಮುಳ್ಳೂ ಬೆಣ್ಣೆಯೇ. ಅಷ್ಟರಲ್ಲಿ ಕಮಠಾಣದಿಂದ ಯಾರದೋ ಬಾಯಿಯ ಅಳತೆಗೆ ಕರೆ ಬಂತು. “ನೀ ಒಂದೀಟು ಉಜ್ಜು. ಒಸಡಿಗಿ ಕೂಡೋ ಒಳಮೈಗಿ ಮಾತ್ರ ಕೈ ಹಚ್ಚಬ್ಯಾಡ, ಸಡಲಾಗತದ” ಎಂದು ನನಗೆ ಹೇಳಿ ಹೊರಟೇಹೋದರು.

ನಾನು ಚಕ್ರ ತುಳಿಯುತ್ತ ಕೂತೆ. ಮೊದಲು ಹಗುರ ಕಲ್ಲಿನ ಪುಡಿ, ಆಮೇಲೆ ಸೀಮೆಸುಣ್ಣದ ಪುಡಿ, ಎರಡನ್ನೂ ನೀರಲ್ಲಿ ಕಲಸಿ ಬಟ್ಟೆಯ ಚಕ್ರಕ್ಕೆ ಹಚ್ಚಬೇಕು. ಒಣಗಿದ್ದರೆ ಕಾದು ಸೆಟ್ಟು ಸೊಟ್ಟಗಾಗುತ್ತದೆ. ಕೆಸರೆಲ್ಲ ಮುಖಕ್ಕೆ ಹಾರುತ್ತಿತ್ತು. ಬೆರಳಿಟ್ಟೆ, ನುಣುಪು. ಕೆನ್ನೆಗೆ ಒತ್ತಿದೆ, ನುಣುಪು. ಆದರೆ ಅವರಿಗೆ ಚುಚ್ಚುತ್ತಿದ್ದದ್ದು ನಾಲಿಗೆಗೆ ತಾನೇ?

ಅತ್ತೆಯ ಎಂಜಲು ಸೊಸೆಗೆ ನಡೆಯುತ್ತದೆ. ಸೊಸೆಯ ಎಂಜಲು ಅತ್ತೆಗೆ? ಶಿವ ಶಿವಾ! ನಾನು ತುಟಿ ತಾಗಿಸದೆ ಎತ್ತಿ ಕುಡಿದ ಚೊಂಬನ್ನೂ ಮತ್ತೊಮ್ಮೆ ಬೆಳಗಿಸುತ್ತಿದ್ದ ಹೆಂಗಸು. ಅತ್ತಿತ್ತ ನೋಡಿದೆ. ಯಾರೂ ಇರಲಿಲ್ಲ. ತೊಳೆದು, ನೆಕ್ಕಿಬಿಟ್ಟೆ.

ಸಿಕ್ಕಿತು! ಮುಂದಿನ ಹಲ್ಲುಗಳ ಹಿಂದೆ ಕೂದಲೆಳೆಯಷ್ಟು ಒಂದು ಗೆರೆ. ಉಜ್ಜಿದೆ, ನೆಕ್ಕಿದೆ. ಮತ್ತೆ ಉಜ್ಜಿದೆ, ಮತ್ತೆ ನೆಕ್ಕಿದೆ. ನಗು ಬಂದು ಕಾಲು ಚಕ್ರದಿಂದ ಜಾರುತ್ತಿತ್ತು. ಏಳೆಂಟು ಸಲವಾದ ಮೇಲೆ ಗೆರೆ ಮಾಯ. ನನಗಾದ ಸಂತೋಷಕ್ಕೆ ಎದ್ದು ಕುಣಿಯುವುದೊಂದು ಬಾಕಿ. ಸೆಟ್ಟನ್ನು ಮೂರು ನೀರಲ್ಲಿ ತೊಳೆದು ಅಡುಗೆಮನೆಗೆ ಒಯ್ದೆ.

ಅತ್ತೆಯವರು ಹಾಕಿಕೊಂಡರು. ಬಾಯೊಳಗೆ ನಾಲಿಗೆ ತಿರುಗಿಸಿದರು. ಅವರ ಮುಖ ಅರಳಿತು. “ಚುಚ್ಚಂಗಿಲ್ಲ!”

ನಾನು ಬಾಯಿಬಿಟ್ಟು ಜೋರಾಗಿ ನಕ್ಕೆ. ಅಲ್ಲಿಗೆ ನನ್ನ ಕತೆ ಮುಗಿಯಿತು.

“ನಾಲಿಗಿ ತಗಿ” ಎಂದರು.

ತೆಗೆದೆ. ಸೀಮೆಸುಣ್ಣದ ಪುಡಿ ಮೆತ್ತಿ ನಾಲಿಗೆ ಬೆಳ್ಳಗಾಗಿತ್ತು.

ಅತ್ತೆಯವರು ಬಚ್ಚಲಿಗೆ ಹೋದರು. ಗಳಗಳ ನೀರಿನ ಸದ್ದು. ಮುಂಜಿಯೂ ಹೋಯಿತು, ಗಂಡನ ಮೊದಲ ಸೆಟ್ಟೂ ಹೋಯಿತು, ನಾಳೆ ನನ್ನನ್ನು ಔರಾದಿಗೆ ಅಟ್ಟುತ್ತಾರೆ ಎಂದುಕೊಂಡೆ. ಅಂಥ ಭಯದಲ್ಲೂ ಹಾಳು ನಗು ನಿಲ್ಲಲಿಲ್ಲ. ಸೆರಗು ಬಾಯಿಗೆ ತುರುಕಿಕೊಂಡು ನಿಂತೆ.

ತಿರುಗಿ ಬಂದಾಗ ಹಲ್ಲು ಅವರ ಬಾಯಲ್ಲೇ ಇತ್ತು. ಬುಟ್ಟಿಯಿಂದ ಒಂದು ಕಡಕ್ ರೊಟ್ಟಿ ತೆಗೆದು ನನ್ನ ಮುಂದೆ ಹಿಡಿದರು.

“ಕಡಿ.”

“ನಾ ಏನ್ರಿ?”

“ಮತ್ತ ಗ್ವಾಡಿಗಿ ಹೇಳಿದ್ನೇನ? ಕಡಿ!”

ಹೆದರುತ್ತ ಒಂದು ತುದಿ ಕಡಿದೆ. ಅತ್ತೆಯವರು ರೊಟ್ಟಿಯನ್ನು ಕಸಿದುಕೊಂಡು ಒಂದು ಗಳಿಗೆ ನೋಡಿದರು. “ಮಡಿ ಅಂತೂ ಕೆಟ್ಟದ. ಇನ್ನ ಚಲೋತ್ನಾಗಿ ಕೆಡಸೋಣ” ಎಂದು, ನಾನು ಕಡಿದಲ್ಲೇ ಹೊಸ ಹಲ್ಲಿಟ್ಟು ಕಟಕ್ಕನೆ ಮುರಿದರು.