ನಲ್ಲಿ ತಿರುಗಿಸದ ಗುರುಬಸಯ್ಯ ಮೇಷ್ಟ್ರು

ವೇಲ್ಸ್ ಇಂಗ್ಲೆಂಡಿನಲ್ಲಿದೆ ಎಂದು ಯಾರಾದರೂ ಅಂದರೆ ಗುರುಬಸಯ್ಯ ಮೇಷ್ಟ್ರ ಕಿವಿ ಕೆಂಪಾಗುತ್ತಿತ್ತು. "ಪಕ್ಕದಲ್ಲಿದೆ ಕಣಮ್ಮ, ಒಳಗಿಲ್ಲ. ಪಕ್ಕದ್ಮನೇಲಿ ಇರೋದಕ್ಕೂ ಅವರ ಹೊಟ್ಟೇಲಿ ಇರೋದಕ್ಕೂ ವ್ಯತ್ಯಾಸ ಇಲ್ವಾ?" ಎಂದು ಡಸ್ಟರಿನಿಂದ ಮೇಜು ಕುಟ್ಟುತ್ತಿದ್ದರು. ರಾಜಾಜಿನಗರದ ನಮ್ಮ ಮಿಡ್ಲ್ ಸ್ಕೂಲಿನಲ್ಲಿ ಅವರು ಚರಿತ್ರೆ ಮೇಷ್ಟ್ರು. ನಮ್ಮ ಎದುರು ಮನೆಯವರೂ ಹೌದು. ಬಿಳಿ ಪಂಚೆ, ಕರಿ ಕೋಟು, ಹಣೆ ತುಂಬ ವಿಭೂತಿ, ಜೇಬಿನಲ್ಲಿ ಮಡಿಸಿದ ಪೇಪರು. ಪಾಠ ಮಾಡಿದ್ದಕ್ಕಿಂತ ಆ ಪೇಪರು ಓದಿ ಹೇಳಿದ್ದೇ ಹೆಚ್ಚು.

೧೯೫೭ರಲ್ಲಿ ಅದರಲ್ಲೊಂದು ಸಣ್ಣ ಸುದ್ದಿ ಬಂತು. ಲಿವರ್‌ಪೂಲ್ ನಗರಕ್ಕೆ ನೀರು ಬೇಕಂತೆ. ಅದಕ್ಕಾಗಿ ವೇಲ್ಸಿನ ಕಣಿವೆಯೊಂದಕ್ಕೆ ಅಣೆಕಟ್ಟು ಕಟ್ಟಿ, ಕಾಪೆಲ್ ಕೆಲಿನ್ ಎಂಬ ಹಳ್ಳಿಯನ್ನು ಮುಳುಗಿಸಬಹುದೆಂದು ಲಂಡನ್ನಿನ ಪಾರ್ಲಿಮೆಂಟು ಕಾನೂನು ಮಾಡಿತ್ತು. ವೇಲ್ಸಿನ ಸದಸ್ಯರಲ್ಲಿ ಒಬ್ಬನೂ ಅದರ ಪರವಾಗಿ ಓಟು ಹಾಕಿರಲಿಲ್ಲ. ಹಳ್ಳಿಯವರು ಹಿಂದಿನ ವರ್ಷವೇ ಮಕ್ಕಳುಮರಿ ಕಟ್ಟಿಕೊಂಡು ಲಿವರ್‌ಪೂಲಿನ ಬೀದಿಯಲ್ಲಿ ಮೆರವಣಿಗೆ ಹೋಗಿ ಬೇಡಿಕೊಂಡಿದ್ದರು. ಕೇಳಿದವರು ಯಾರು? "ಮನೆ, ಸ್ಕೂಲು, ಪೋಸ್ಟಾಫೀಸು, ಚರ್ಚು, ಅಲ್ಲಿನ ಸಮಾಧಿಗಳು..." ಎಂದು ಮೇಷ್ಟ್ರು ಒಂದೊಂದಾಗಿ ಹೇಳುತ್ತ ಬಂದರು. ಸಮಾಧಿ ಎಂದವರೇ ಪೇಪರು ಮಡಿಸಿ ಜೇಬಿಗಿಟ್ಟರು. ಕ್ಲಾಸು ಬಿಟ್ಟು ಹೊರಗೆ ಹೋಗಿ ನಿಂತರು.

ಯಾಕೆಂದು ಗೊತ್ತಾದದ್ದು ನಮ್ಮ ಬೀದಿಗೆ ನಲ್ಲಿ ಬಂದ ದಿನ. ಅಲ್ಲಿಯವರೆಗೆ ನಾವೆಲ್ಲ ಬಾವಿ ನೀರಿನವರು. ಬೀದಿಗೆಲ್ಲ ಯಜಮಾನಿಕೆ ಮಾಡುತ್ತಿದ್ದ ನಮ್ಮಪ್ಪ, ಮೇಷ್ಟ್ರು ಹಿರಿಯರು, ಓದಿದವರು ಎಂದು ಅವರ ಕೈಯಲ್ಲೇ ನಲ್ಲಿ ತಿರುಗಿಸುವುದೆಂದು ತೀರ್ಮಾನಿಸಿಬಿಟ್ಟ. ಅವರನ್ನೊಂದು ಮಾತು ಕೇಳಲಿಲ್ಲ. ನಲ್ಲಿಗೆ ಅರಿಸಿನ ಕುಂಕುಮ ಹಚ್ಚಿ, ಮೇಷ್ಟ್ರ ಕೊರಳಿಗೆ ಹಾರ ಹಾಕಿ ಮುಂದೆ ತಳ್ಳಿದ.

ಮೇಷ್ಟ್ರು ಹಾರ ತೆಗೆದು ಅಪ್ಪನ ಕೈಗೇ ಕೊಟ್ಟರು. "ಈ ನೀರು ಬರೋ ಕೆರೆಯೊಳಗೆ ನಮ್ಮೂರು ಮುಳುಗಿದೆ ಸ್ವಾಮಿ. ನಮ್ಮಲ್ಲಿ ಸುಡೋದಿಲ್ಲ, ಮಣ್ಣು ಮಾಡ್ತೀವಿ. ನಮ್ಮವ್ವ ಅಲ್ಲೇ ಮಲಗವ್ಳೆ. ವರ್ಷಕ್ಕೊಂದ್ಸಲ ಹೂವಿಡೋಕೂ ಜಾಗ ಇಲ್ಲ. ಆ ವೇಲ್ಸಿನೋರಿಗೂ ನಾಳೆ ಇದೇ ಗತಿ. ನಾನು ಹ್ಯಾಗೆ ತಿರುಗಿಸಲಿ?"

"ವೇಲ್ಸೂ ಇಲ್ಲ ಗೀಲ್ಸೂ ಇಲ್ಲ! ಒಳ್ಳೇ ಕೆಲಸದಲ್ಲಿ ಸಾವಿನ ಮಾತು ಆಡ್ತೀರಲ್ರೀ," ಎಂದು ಅಪ್ಪ ರೇಗಿದ. "ಬೇಡದೋರು ಕುಡೀಬೇಡಿ, ಅಷ್ಟೆ."

ಜನ ಕಿಸಕ್ಕೆಂದು ನಕ್ಕರು. ಆ ನಗು ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ. ಸತ್ತ ತಾಯಿಯ ಮಾತಿಗೆ ನಗುವವರೂ ಮನುಷ್ಯರೇ? ನಾನೂ ನಕ್ಕೆನಲ್ಲ, ನನ್ನ ಮುಖಕ್ಕಿಷ್ಟು ಬೆಂಕಿ ಹಾಕ.

ಮೇಷ್ಟ್ರು ಆ ನೀರು ಮುಟ್ಟಲಿಲ್ಲ. ದೊಡ್ಡ ಮಾತೇ, ಒಪ್ಪಿದೆ. ಆದರೆ ಹೊಲದಾಚೆಯ ಬಾವಿಯಿಂದ ದಿನಾ ಕೊಡ ಹೊತ್ತವರು ಯಾರು? ಅವರ ಹೆಂಡತಿ ನೀಲಮ್ಮ. ಮನೆ ಮುಂದೆಯೇ ನಲ್ಲಿ ಸುರಿಯುತ್ತಿರುವಾಗ ಆ ತಾಯಿ ಬಿಸಿಲಲ್ಲಿ ಏದುಸಿರು ಬಿಡುತ್ತ ಬರುವುದನ್ನು ಕಂಡು ನನಗೆ ಮೇಷ್ಟ್ರ ಮೇಲೂ ಸಿಟ್ಟು ಬಂತು. "ಬೇಡ ಅಂದೋರು ನೀವು, ಹೊರೋರು ಯಾಕೆ ಅವರು ಸಾರ್?" ಎಂದು ಕೇಳಿಯೇಬಿಟ್ಟೆ. ಮಾರನೆಯ ದಿನ ಮೇಷ್ಟ್ರು ತಾವೇ ಕೊಡ ಹೊತ್ತು ತಂದರು. ಅದರ ಮಾರನೆಯ ದಿನ ಮತ್ತೆ ನೀಲಮ್ಮನೇ.

ಎರಡು ವರ್ಷದ ಮೇಲೆ ಮೇಷ್ಟ್ರು ಜ್ವರ ಹಿಡಿದು ಮಲಗಿದರು. ಗಂಜಿ ಕೊಟ್ಟು ಬರಲು ಹೋಗಿದ್ದೆ. ನಾನು ಅವರನ್ನು ಕಡೆಯ ಸಲ ನೋಡಿದ್ದು ಅವತ್ತೇ. ಅವರು ನೀರು ಕೇಳಿದರು. ನೀಲಮ್ಮ ಅಡುಗೆಮನೆಗೆ ಹೋಗಲಿಲ್ಲ. ಬೀದಿಗಿಳಿದು ನಲ್ಲಿಯಲ್ಲಿ ಚೊಂಬು ತುಂಬಿಸಿಕೊಂಡು ಬಂದರು.

"ಯಾವ ನೀರೇ ಇದು?"

"ನಲ್ಲೀದು. ಬಾವಿ ಮುಚ್ಚಿ ಸೈಟು ಮಾಡವ್ರೆ. ನಾನಿನ್ನೆಲ್ಲಿಗೆ ಹೋಗ್ಲಿ?" ನೀಲಮ್ಮ ಸಿಟ್ಟಿನಿಂದ ಚೊಂಬನ್ನು ಅವರ ಮುಂದೆ ಹಿಡಿದರು. "ನಿಮ್ಮವ್ವ ನನಗೂ ಅತ್ತೆ ಅಲ್ವಾ? ಮಗ ನೀರಿಲ್ಲದೆ ಸಾಯ್ಲಿ ಅನ್ನೋ ಹೆಂಗಸಾ ಆಯಮ್ಮ? ಕುಡೀರಿ."

ಮೇಷ್ಟ್ರು ಗೋಡೆ ಹಿಡಿದು ಎದ್ದು ಕೂತು, ಕಣ್ಣು ಮುಚ್ಚಿ ಗಟಗಟ ಕುಡಿದರು. ಬರಿದಾದ ಚೊಂಬನ್ನು ಹೆಂಡತಿಯ ಕಡೆ ಚಾಚಿ, "ಇನ್ನೊಂಚೂರು ತಾ," ಎಂದರು.