ತಗೊಂಡಿಲ್ಲಂತ ಹೇಳವ್ವಾ ಅವರಿಗೆ

ಆ ಕಾಲಕ್ಕೆ ಸುಳ್ಳು ಹಿಡಿಯುವುದೇ ನನ್ನ ಕೆಲಸವಾಗಿತ್ತು. ಕೊಂಡಾಪುರದ ಒಂದು ಸಾಫ್ಟ್‌ವೇರ್ ಕಂಪನಿಯ ನೇಮಕಾತಿ ವಿಭಾಗದಲ್ಲಿದ್ದೆ. ಕಣ್ಣು ಹಾಯಿಸಿದ ಕಡೆಯೆಲ್ಲ ಗಾಜಿನ ಕಟ್ಟಡ ಏಳುತ್ತಿದ್ದ ದಿನಗಳು. ಕೆಲಸ ಕೇಳಿಕೊಂಡು ಬರುವವರಲ್ಲಿ ಎಷ್ಟೋ ಮಂದಿ ಎಲ್ಲೂ ದುಡಿಯದೆಯೇ ವರ್ಷಗಟ್ಟಲೆ ದುಡಿದೆವೆಂದು ಪತ್ರ ಮಾಡಿಸಿಕೊಂಡು ಬರುತ್ತಿದ್ದರು. ಅವರನ್ನು ಎದುರು ಕೂರಿಸಿಕೊಂಡು ಮಾತಾಡಿಸಿ, ಯಾರದು ನಿಜ, ಯಾರದು ಸುಳ್ಳು ಎಂದು ಮೇಲಿನವರಿಗೆ ನಾನು ಹೇಳಬೇಕಿತ್ತು.

ಹಳೇ ಆಫೀಸಿನಲ್ಲಿ ಮಧ್ಯಾಹ್ನದ ಊಟ ಎಲ್ಲಿ ಮಾಡುತ್ತಿದ್ದಿರಿ ಎಂದು ಕೇಳುತ್ತಿದ್ದೆ. ನಿಜವಾಗಿ ದುಡಿದವನು ಅಲ್ಲಿನ ಕ್ಯಾಂಟೀನನ್ನು ಬೈಯುತ್ತಲೇ ಉತ್ತರ ಶುರು ಮಾಡುತ್ತಿದ್ದ. ದುಡಿಯದವನು ನನ್ನ ಪ್ರಶ್ನೆಯನ್ನೇ ಇನ್ನೊಮ್ಮೆ ಹೇಳಿ ಹೊತ್ತು ಕಳೆಯುತ್ತಿದ್ದ. ಇಂಥ ಒಂದಷ್ಟು ಗುರುತುಗಳನ್ನು ಇಟ್ಟುಕೊಂಡಿದ್ದೆ. ಮನೆಗೆ ಬಂದು ರೊಟ್ಟಿ ತಿನ್ನುತ್ತ ಅವನ್ನು ಅಪ್ಪನಿಗೆ ಹೇಳುತ್ತಿದ್ದೆ. ಅಪ್ಪ ತುತ್ತನ್ನು ಕೈಯಲ್ಲೇ ಹಿಡಿದು ಕೇಳುತ್ತಿದ್ದ.

ಅಪ್ಪ ಸನತ್‌ನಗರದಲ್ಲಿ ಹಿತ್ತಾಳೆ ನಲ್ಲಿ ತಯಾರಿಸುವ ಒಂದು ಸಣ್ಣ ಕಾರ್ಖಾನೆಯ ಸ್ಟೋರು ನೋಡಿಕೊಳ್ಳುತ್ತಿದ್ದ. ನಾನು ಹುಟ್ಟುವ ಮೊದಲೇ ರಾಯಚೂರು ಕಡೆಯಿಂದ ಬಂದವನು. ಕೂಕಟ್‌ಪಲ್ಲಿಯ ನಮ್ಮ ಎರಡು ಕೋಣೆಯ ಮನೆಯಲ್ಲಿ ಕನ್ನಡ, ಹೊಸ್ತಿಲು ದಾಟಿದರೆ ತೆಲುಗು. ಸ್ಟೋರಿನ ಬೀಗಕ್ಕೆ ಎರಡೇ ಕೀಲಿಕೈ. ಒಂದು ಮಾಲೀಕರ ಹತ್ತಿರ, ಇನ್ನೊಂದು ಅಪ್ಪನ ಉಡದಾರಕ್ಕೆ. ಸ್ನಾನಕ್ಕೆ ಹೋದಾಗಲೂ ಅದು ಅಲ್ಲೇ ಇರುತ್ತಿತ್ತು.

ಒಂದು ಸಂಜೆ ಅಪ್ಪ ಬಂದವನೇ ಕಾಲು ತೊಳೆಯದೆ ಕುರ್ಚಿಯಲ್ಲಿ ಕೂತ.

"ನಮ್ಮ ಸಾವ್ಕಾರ್ರು ಶನಿವಾರ ನಿನ್ನ ಕರ್ಕೊಂಡು ಬಾ ಅಂದಾರ," ಎಂದ.

"ನನ್ನ ಯಾಕ?"

"ಎರಡು ಚೀಲ ಮಾಲು ಕಾಣವಲ್ದು. ಪಾಲಿಶ್ ಆಗದ ನಲ್ಲಿ. ಬೀಗ ಹಂಗs ಐತಿ, ಒಡದಿಲ್ಲ." ಮತ್ತೆ ಹೇಳಿದ: "ನಿನ್ನ ಮಗಳು ಮಂದಿ ಸುಳ್ಳು ಹಿಡೀತಾಳಂತ ಹೇಳ್ತಿದ್ದಿಯಲ್ಲಾ, ಆಕೀನ ಕೇಳೋಣು ಅಂದ್ರು."

ನನ್ನ ಕೆಲಸದ ವಿಷಯವನ್ನು ಅಪ್ಪ ಅಲ್ಲಿ ಹೆಮ್ಮೆಯಿಂದ ಹೇಳಿಕೊಂಡಿದ್ದು ನನಗೆ ಗೊತ್ತೇ ಇರಲಿಲ್ಲ. ಅವ್ವ ಒಲೆಯ ಮುಂದಿನಿಂದ ತಿರುಗಿ ನೋಡಿದಳು. ಯಾರೂ ಮತ್ತೇನೂ ಕೇಳಲಿಲ್ಲ. ಅವತ್ತು ನಾನು ಕೇಳಬಹುದಿತ್ತು.

ಶನಿವಾರ ನನಗೆ ರಜೆ. ಆದರೂ ಆಫೀಸಿನ ಗುರುತಿನ ಚೀಟಿಯನ್ನು ಕೊರಳಿಗೆ ಹಾಕಿಕೊಂಡು ಹೊರಟೆ. ಅದನ್ನು ನೋಡಿದರೆ ಅಪ್ಪನನ್ನು ಸ್ವಲ್ಪ ಮರ್ಯಾದೆಯಿಂದ ಮಾತಾಡಿಸಿಯಾರು ಎಂದುಕೊಂಡಿದ್ದೆ. ಬಸ್ಸಿನಲ್ಲಿ ಅಪ್ಪ ನನಗೆ ಸೀಟು ಹಿಡಿದು, ತಾನು ಕಂಬಿ ಹಿಡಿದು ನಿಂತ.

ಮಾಲೀಕರು ಕೆಟ್ಟವರಲ್ಲ. ವಯಸ್ಸಾದ ತೆಲುಗಿನವರು. ನನಗೆ ಕುರ್ಚಿ ಕೊಟ್ಟು ಚಹಾ ತರಿಸಿದರು. ಅಪ್ಪನಿಗೆ ಕೂರಲು ಹೇಳಲಿಲ್ಲ, ಅಪ್ಪನೂ ಕೂರಲಿಲ್ಲ. ಅಪ್ಪ ಅವರ ಮುಂದೆ ಎಂದೂ ಕೂತವನಲ್ಲ ಎಂದು ಆಮೇಲೆ ತಿಳಿಯಿತು. ಅವತ್ತು ಮಾತ್ರ ಆತ ಕಟಕಟೆಯಲ್ಲಿ ನಿಂತ ಹಾಗೆ ನನಗೆ ಕಂಡಿತು.

ಮಾಲೀಕರು ತೆಲುಗಿನಲ್ಲಿ ಹೇಳಿದರು: ಇಷ್ಟು ವರ್ಷದ ಮನುಷ್ಯ, ಪೊಲೀಸರ ಹತ್ತಿರ ಹೋಗಲು ಮನಸ್ಸಿಲ್ಲ. ನಾನು ಕೇಳಿದರೆ ತೆಗೆದುಕೊಂಡಿಲ್ಲ ಎನ್ನುತ್ತಾನೆ, ನನಗೆ ಹೌದೆನ್ನಲೂ ಆಗದು, ಅಲ್ಲವೆನ್ನಲೂ ಆಗದು. ನೀನು ಓದಿದವಳು, ಈ ಕೆಲಸ ಬಲ್ಲವಳು. ನಿಮ್ಮ ಭಾಷೆಯಲ್ಲೇ ಕೇಳು. ನಿನ್ನ ಮುಂದೆ ಅವನು ಮುಚ್ಚಿಡಲಾರ. "ಚೆಪ್ಪಮ್ಮಾ," ಹೇಳಮ್ಮಾ ಎಂದರು. ಅವರಿಗೆ ಕನ್ನಡದ ಒಂದು ಅಕ್ಷರವೂ ತಿಳಿಯುತ್ತಿರಲಿಲ್ಲ.

ಹೊರಗೆ ಲೇತ್ ಯಂತ್ರಗಳು ಓಡುತ್ತಿದ್ದವು. ಅಪ್ಪನ ಮುಖ ನೋಡಿದೆ. ಮಗಳ ಹಾಗೆ ನೋಡಲಿಲ್ಲ, ಕೊಂಡಾಪುರದ ಕೋಣೆಯಲ್ಲಿ ನೋಡುವ ಹಾಗೆ ನೋಡಿದೆ. ಕಣ್ಣು ಎಲ್ಲಿದೆ, ಕೈ ಏನು ಮಾಡುತ್ತಿದೆ ಎಂದು.

"ಅಪ್ಪಾ, ಆ ಚೀಲ ನೀ ತಗೊಂಡಿಯೇನು?"

ಅಪ್ಪ ನನ್ನ ಕಡೆ ನೋಡಲಿಲ್ಲ. ನನ್ನ ಕೊರಳಿನ ಗುರುತಿನ ಚೀಟಿಯನ್ನು ನೋಡುತ್ತ, "ತಗೊಂಡಿಲ್ಲಂತ ಹೇಳವ್ವಾ ಅವರಿಗೆ," ಎಂದ.

ತಗೊಂಡಿಲ್ಲ ಎನ್ನಲಿಲ್ಲ. ತಗೊಂಡಿಲ್ಲಂತ ಹೇಳು ಎಂದ. ಎದುರಿನವರಿಗೆ ತಿಳಿಯದ ಭಾಷೆಯಲ್ಲಿ ಅಪ್ಪ ನನ್ನ ಸಹಾಯ ಕೇಳುತ್ತಿದ್ದಾನೆ ಎಂದುಕೊಂಡೆ. ಮಗಳೇ, ಇದೊಂದು ಸಲ ನನ್ನನ್ನು ದಾಟಿಸು ಎನ್ನುತ್ತಿದ್ದಾನೆ ಎಂದುಕೊಂಡೆ. ಮತ್ತೊಂದು ಪ್ರಶ್ನೆ ಕೇಳುವ ಧೈರ್ಯ ನನಗಾಗಲಿಲ್ಲ.

ಮಾಲೀಕರ ಕಡೆ ತಿರುಗಿ, ಅಪ್ಪ ನಿಜ ಹೇಳುತ್ತಿದ್ದಾರೆ, ಅವರು ಸುಳ್ಳು ಹೇಳುವವರಲ್ಲ ಎಂದು ತೆಲುಗಿನಲ್ಲಿ ಹೇಳಿದೆ. ಧ್ವನಿ ನಡುಗಲಿಲ್ಲ. ಮಾಲೀಕರು ಬಹಳ ಹೊತ್ತು ನನ್ನನ್ನೇ ನೋಡಿ, ಸರಿ ಎಂದರು. ಬರುವಾಗ ಅಪ್ಪ ಬಸ್ ನಿಲ್ದಾಣದ ಹತ್ತಿರ ಕಬ್ಬಿನಹಾಲು ಕೊಡಿಸಿದ. ನಾನು ಅರ್ಧ ಲೋಟ ಹಾಗೇ ಬಿಟ್ಟೆ.

ಅಲ್ಲಿಂದ ಮುಂದಿನದನ್ನು ಬರೆಯಲು ನನಗೆ ಹೆಚ್ಚು ನಾಚಿಕೆ. ನಾನು ಅಪ್ಪನ ಮೇಲೆ ಕಣ್ಣಿಡತೊಡಗಿದೆ. ಆತ ಹೊಸ ಚಪ್ಪಲಿ ಕೊಂಡರೆ ಎಲ್ಲಿಂದ ಬಂತು ಎಂದು ಯೋಚಿಸಿದೆ. ಊರಿನವರು ಬಂದಾಗ ಬೇಕರಿಯಿಂದ ದೊಡ್ಡ ಪೊಟ್ಟಣ ತಂದರೆ ಮುಖ ಬಿಗಿದುಕೊಂಡೆ. ಒಂದು ದಿನ ಆತ ಸ್ನಾನಕ್ಕೆ ಹೋದಾಗ ಅವನ ತಗಡಿನ ಟ್ರಂಕು ತೆರೆದೆ. ಇಸ್ತ್ರಿ ಮಾಡಿದ ಎರಡು ಅಂಗಿ, ಒಂದು ಧೋತರ, ನಾನು ಮೊದಲ ಸಂಬಳದಲ್ಲಿ ಕೊಡಿಸಿದ ಸ್ವೆಟರು, ನುಸಿಗುಳಿಗೆ. ಸ್ವೆಟರಿನ ಮಡಿಕೆ ಸಹ ಬಿಚ್ಚಿರಲಿಲ್ಲ. ಏನೂ ಸಿಗಲಿಲ್ಲವಲ್ಲ ಎಂದು ಸಮಾಧಾನವಾಗಬೇಕಿತ್ತು. ಬೇರೆಲ್ಲೋ ಇಟ್ಟಿರಬೇಕು ಎಂದು ಅನಿಸಿತು.

ಕೆಲವು ವಾರ ಕಳೆದ ಮೇಲೆ ಅಪ್ಪ ಕೆಲಸ ಬಿಟ್ಟ. ಕಾಲು ನೋಯುತ್ತವೆ, ನಿಂತು ಕೆಲಸ ಮಾಡಲು ಆಗುವುದಿಲ್ಲ ಎಂದ. ನಾನು ತಡೆಯಲಿಲ್ಲ. "ಛಲೋ ಆತು ಬಿಡಪ್ಪಾ, ನಾ ಗಳಸಾಕತ್ತೀನಲ್ಲ," ಎಂದೆ. ಸಿಕ್ಕಿಬೀಳುವ ಮೊದಲೇ ಬಿಟ್ಟನಲ್ಲ ಎಂದು ಒಳಗೊಳಗೇ ಹಗುರವಾಗಿದ್ದೆ. ಅಪ್ಪ ತಲೆಯಾಡಿಸಿದ. ಬರಿದಾದ ಉಡದಾರವನ್ನು ಅಂಗಿಯ ಮೇಲಿನಿಂದಲೇ ಆಗಾಗ ಮುಟ್ಟಿ ನೋಡಿಕೊಳ್ಳುತ್ತಿದ್ದ.

ಮರುವರ್ಷ ಬೇಸಿಗೆಯ ಒಂದು ಭಾನುವಾರ ಬಾಗಿಲು ಬಡಿದ ಸದ್ದಾಯಿತು. ಮಾಲೀಕರು ನಿಂತಿದ್ದರು, ಕೈಯಲ್ಲಿ ಮಾವಿನಹಣ್ಣಿನ ಬುಟ್ಟಿ. ಒಳಗೆ ಬಂದವರು ಕುರ್ಚಿ ಬೇಡವೆಂದು ಮಂಚದ ತುದಿಯಲ್ಲಿ ಕೂತರು. ನಲ್ಲಿಗಳಿಗೆ ಪಾಲಿಶ್ ಹಾಕಿಕೊಡುತ್ತಿದ್ದ ಅಂಗಡಿಯವನು ಜಾಗ ಖಾಲಿ ಮಾಡುತ್ತಿದ್ದನಂತೆ. ಸಾಮಾನು ಎತ್ತುವಾಗ ಡ್ರಮ್ಮುಗಳ ಹಿಂದೆ ಕಾರ್ಖಾನೆಯ ಎರಡು ಚೀಲ, ಕಟ್ಟಿದ್ದು ಕಟ್ಟಿದ ಹಾಗೇ ಸಿಕ್ಕವಂತೆ. ಅಪ್ಪ ಊರಿನ ಮದುವೆಗೆಂದು ರಜೆ ಹಾಕಿದ ದಿನ ಮಾಲೀಕರೇ ತಮ್ಮ ಕೀಲಿಕೈಯಿಂದ ಬೀಗ ತೆಗೆದು ಅವನ್ನು ಡ್ರೈವರನ ಕೈಯಲ್ಲಿ ಪಾಲಿಶಿಗೆ ಕಳಿಸಿದ್ದರು. ಕಳಿಸಿದ್ದು ಅವರಿಗೆ ಪೂರ್ತಿ ಮರೆತುಹೋಗಿತ್ತು. ಡ್ರೈವರು ಅದೇ ತಿಂಗಳು ಕೆಲಸ ಬಿಟ್ಟು ಹೋಗಿದ್ದ.

ಅವರು ಎದ್ದು ಅಪ್ಪನ ಎರಡೂ ಕೈ ಹಿಡಿದುಕೊಂಡರು. ಮತ್ತೆ ಕೆಲಸಕ್ಕೆ ಬಾ ಎಂದು ಬೇಡಿದರು. ಆಮೇಲೆ ನನ್ನ ಕಡೆ ತಿರುಗಿ ಹೇಳಿದರು: ನೀನು ಅವತ್ತು ಕಣ್ಣು ಮಿಟುಕಿಸದೆ ಹೇಳಿದೆಯಮ್ಮಾ, ನಾನೇ ಪೂರ್ತಿ ನಂಬಲಿಲ್ಲ. ಮಗಳೆಂದರೆ ಹೀಗಿರಬೇಕು.

ನಾನು ಬುಟ್ಟಿ ಎತ್ತಿಕೊಂಡು ಅಡುಗೆಮನೆಗೆ ಹೋದೆ. ಹಣ್ಣು ತೊಳೆಯುವ ನೆಪದಲ್ಲಿ ನಲ್ಲಿ ಬಿಟ್ಟುಕೊಂಡು ನಿಂತೆ. ನಾನು ಅವರಿಗೆ ಹೇಳಿದ್ದು ನಿಜವೇ ಆಗಿತ್ತು. ಹೇಳುವಾಗ ಮಾತ್ರ ಸುಳ್ಳೆಂದು ತಿಳಿದೇ ಹೇಳಿದ್ದೆ.

ಅಪ್ಪ ಕೆಲಸಕ್ಕೆ ಮರಳಿ ಹೋಗಲಿಲ್ಲ. ಮಾಲೀಕರು ಹೋದ ಮೇಲೆ ಅವ್ವ ಯಾಕೆಂದು ಕೇಳಿದಾಗ, "ಆವಾಗ ಕಾಲು ನೋಯ್ತಾವಂತ ಸುಳ್ಳು ಹೇಳಿ ಬಿಟ್ಟಿದ್ದೆ. ಈಗ ಖರೇನs ನೋಯಾಕತ್ತಾವು," ಎಂದು ನಕ್ಕ. ಆ ಸುಳ್ಳು ನನ್ನ ಎದುರಿಗೇ ಹೇಳಿದ್ದು. ನನಗೆ ಗೊತ್ತಾಗಿರಲಿಲ್ಲ.

ಆ ಸಂಜೆ ತಡೆಯಲಾರದೆ ಕೇಳಿದೆ. "ಅಪ್ಪಾ, ಅವತ್ತು ನೀ ತಗೊಂಡಿಲ್ಲಂತ ಹೇಳು ಅವರಿಗೆ ಅಂದಿ. ಹಂಗ್ಯಾಕ ಅಂದಿ?"

"ಹಂಗ ಅಂದಿದ್ನೇನು?" ಅಪ್ಪನಿಗೆ ನೆನಪೇ ಇರಲಿಲ್ಲ. ಮಾವಿನ ಓಟೆ ಚೀಪುತ್ತ ಯೋಚಿಸಿದ. "ಅವರಿಗೇ ಹೇಳಬೇಕಿತ್ತಲ್ಲವ್ವಾ. ನಿನಗೇನು ಹೇಳೋದಿತ್ತು?"

ಬಂದ ನೆಂಟರಿಗೆಲ್ಲ ಅಪ್ಪ ಆ ಕಥೆ ಹೇಳುತ್ತಿದ್ದ. ಮಗಳು ಕುರ್ಚಿಯಲ್ಲಿ ಕೂತು ಒಂದೇ ಮಾತಿನಲ್ಲಿ ತನ್ನ ಮರ್ಯಾದೆ ಉಳಿಸಿದಳೆಂದು ಹೇಳುವಾಗ ಅವನ ಧ್ವನಿ ಏರುತ್ತಿತ್ತು. ನಾನು ಚಹಾ ಕೊಟ್ಟು ಒಳಗೆ ಹೋಗುತ್ತಿದ್ದೆ. ಸಂಕೋಚ ಎಂದು ಅವರು ತಿಳಿಯುತ್ತಿದ್ದರು. ಆಫೀಸಿನಲ್ಲಿ ಬೇರೆ ವಿಭಾಗ ಕೇಳಿ ಹಾಕಿಸಿಕೊಂಡೆ. ಎದುರಿಗೆ ಕೂತ ಹುಡುಗರ ಕೈ ನಡುಗಿದರೆ, ಇದು ಬರೀ ಹೆದರಿಕೆಯೂ ಇರಬಹುದಲ್ಲ ಎನಿಸಿ ಏನೂ ತೀರ್ಮಾನಿಸಲು ಆಗುತ್ತಿರಲಿಲ್ಲ.

ಬಹಳ ವರ್ಷಗಳ ಮೇಲೆ, ಅಪ್ಪ ಹೋಗಿ ಮೊದಲ ವರ್ಷದ ಕಾರ್ಯ ಮುಗಿದ ದಿನ, ಅವ್ವನ ಹತ್ತಿರ ಎಲ್ಲವನ್ನೂ ಹೇಳಿದೆ. ಟ್ರಂಕು ತೆರೆದದ್ದನ್ನೂ ಬಿಡಲಿಲ್ಲ. ಅವ್ವ ಅಕ್ಕಿ ಆರಿಸುತ್ತಿದ್ದಳು, ಕೈ ನಿಲ್ಲಿಸಲಿಲ್ಲ.

"ನನಗೂ ಅನುಮಾನ ಬಂದಿತ್ತು," ಎಂದಳು.

"ನಿನಗ?"

"ಯಾಕ ಬರಬಾರದು? ಕೀಲಿಕೈ ನಿಮ್ಮಪ್ಪಾರ ಹತ್ರನs ಇತ್ತಲ್ಲ. ನೀವು ಸನತ್‌ನಗರಕ್ಕ ಹೋಗೋ ಮುಂಚೆ ಕೇಳಿದೆ. ಭಾಳ ಸಿಟ್ಟಾದ್ರು. ಅವತ್ತು ಉಣಲಿಲ್ಲ. ಮರುದಿನ ತಾವಾಗೇ ಬಂದು, ಇಲ್ಲಲೇ, ಮುಟ್ಟಿಲ್ಲ ಅಂದ್ರು. ಮುಗೀತು. ಮತ್ತ ನಾ ಆ ಮಾತ ತಗೀಲಿಲ್ಲ."

"ನಾನೂ ಕೇಳಿದ್ನಲ್ಲವ್ವಾ."

"ನೀ ಸಾವ್ಕಾರ್ರ ಸಲುವಾಗಿ ಕೇಳಿದಿ," ಎಂದಳು ಅವ್ವ.

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಮೊರವನ್ನು ನನ್ನ ಕಡೆ ಸರಿಸಿ, ತನಗೆ ಕಣ್ಣು ಮಂಜಾಗಿವೆ, ಉಳಿದ ಅಕ್ಕಿಯನ್ನು ನೀನೇ ಆರಿಸು ಎಂದಳು. ಮೊರ ಎಳೆದುಕೊಂಡು ಕೂತೆ.