ಮಾವನಿಗಾಗಿ ಹಚ್ಚಿದ ಬೆಂಕಿ

ಮಂಗಳೂರಿನ ಬಂದರಿಗೆ ಇನ್ನೂ ಹಾಯಿಯ ಮಂಜಿಗಳು ಬರುತ್ತಿದ್ದ ಕಾಲ ಅದು. ಹೆಂಚು ಹೇರಿಕೊಂಡು ಬೊಂಬಾಯಿಗೆ ಹೋಗುತ್ತಿದ್ದ ಆ ಮರದ ಹಡಗುಗಳು ಮಳೆಗಾಲಕ್ಕೆ ಮೊದಲು ಊರು ಸೇರಲೇಬೇಕಿತ್ತು. ಅಂಥದೊಂದು ಮಂಜಿಯನ್ನು ನಡೆಸುವ ತಂಡೇಲ ನಮ್ಮ ಬಾಬು ಮಾವ, ಅಮ್ಮನಿಗಿದ್ದ ಒಬ್ಬನೇ ತಮ್ಮ.

ಬೊಕ್ಕಪಟ್ಣದ ನಮ್ಮ ಅಂಗಳದಲ್ಲಿ ಬೇಸಿಗೆಯೆಂದರೆ ಒಣಮೀನಿನ ವಾಸನೆ, ಹಲಸಿನ ಹಪ್ಪಳ, ಗೇರುಬೀಜದ ಆಟ. ಬೆಳಗ್ಗೆಯಿಡೀ ಬೆವರು ಸುರಿಸಿ, ಊಟದ ಹೊತ್ತಿಗೆ ಪಡುಗಾಳಿ ಬೀಸಿತೆಂದರೆ ಹೋದ ಜೀವ ಬಂದ ಹಾಗಾಗುತ್ತಿತ್ತು. ಈ ಗಾಳಿ ಯಾಕೆ ಬರುತ್ತದೆ ಎಂದು ನಾನೊಮ್ಮೆ ಕೇಳಿದ್ದಕ್ಕೆ, ಶಾಲೆಯಲ್ಲಿ ಭೂಗೋಳ ಕಲಿಸುತ್ತಿದ್ದ ಅಪ್ಪ ನನ್ನನ್ನು ಬಚ್ಚಲಿಗೆ ಕರೆದೊಯ್ದರು. ಹಂಡೆಯ ಒಲೆ ಧಗಧಗ ಉರಿಯುತ್ತಿತ್ತು. ಬಾಗಿಲ ಸಂದಿಯ ಬುಡದಲ್ಲಿ ಹತ್ತಿಯ ಎಳೆಯೊಂದನ್ನು ಹಿಡಿದರು. ಅದು ಒಲೆಯ ಕಡೆಗೆ ವಾಲಿತು.

"ನೋಡು ಮಗಾ, ಕಾದ ಗಾಳಿ ಹಗುರಾಗಿ ಮೇಲೆ ಹೋಗ್ತದೆ. ಅಲ್ಲಿ ಒತ್ತಡ ಕಡಿಮೆ ಆಗ್ತದೆ, ಹೊರಗಿನ ತಣ್ಣನೆ ಗಾಳಿ ಒಳಗೆ ಬರ್ತದೆ. ಹಗಲು ನೆಲ ಬೇಗ ಕಾಯ್ತದೆ, ಕಡಲು ಅಷ್ಟು ಬೇಗ ಕಾಯುವುದಿಲ್ಲ. ಹಾಗಾಗಿ ಕಡಲಿನ ಗಾಳಿ ನಮ್ಮ ಮನೆಗೆ."

ಭೂಮಧ್ಯರೇಖೆಯ ಹತ್ತಿರ ಸೂರ್ಯ ಇಂಥದೇ ಒಂದು ದೊಡ್ಡ ಒಲೆ ಹಚ್ಚಿಟ್ಟಿದ್ದಾನೆ, ಎರಡೂ ಕಡೆಯ ಗಾಳಿ ಅದರತ್ತ ಹರಿಯುತ್ತದೆ ಎಂದರು. ಬೇಸಿಗೆಯಲ್ಲಿ ಆ ಒಲೆ ನಮ್ಮ ಕಡೆಗೆ ಸರಿಯುತ್ತದಂತೆ. ಆಗ ರೇಖೆಯ ಆಚೆಯ ಗಾಳಿಯೂ ಕಡಲು ದಾಟಿ ಮಳೆ ಹೊತ್ತು ಬರುತ್ತದಂತೆ. ಇಷ್ಟೆಲ್ಲ ಕೇಳಿದರೂ, ಬೆಂಕಿ ಗಾಳಿಯನ್ನು ಎಳೆಯುತ್ತದೆ ಎಂಬುದೊಂದೇ ನನ್ನ ತಲೆಯಲ್ಲಿ ನಿಂತದ್ದು.

ಆ ವರ್ಷ ಬೇಸಿಗೆ ಮುಗಿಯುತ್ತ ಬಂದಾಗ ಉಳಿದ ಮಂಜಿಗಳೆಲ್ಲ ಬಂದವು, ಮಾವನದು ಬರಲಿಲ್ಲ. ಮೋಡ ಕವಿದು ಗಾಳಿ ಸತ್ತುಹೋಗಿತ್ತು. ನೆರೆಮನೆಯ ಸೇಸಪ್ಪಣ್ಣ ಬಂದು ಸುದ್ದಿ ಹೇಳಿದರು: "ಮಂಜಿ ಪಣಂಬೂರಿನ ಹೊರಗೆ ಕಡಲಲ್ಲೇ ಉಂಟು ಅಕ್ಕ. ಗಾಳಿಯೇ ಇಲ್ಲ, ಎಂತ ಮಾಡುವುದು? ಅಷ್ಟರಲ್ಲಿ ಮಳೆಯ ಬಿರುಗಾಳಿ ಹಿಡಿದರೆ ಕಷ್ಟ."

ಅಮ್ಮ ಊಟದ ಬಟ್ಟಲು ಸರಿಸಿ ಎದ್ದಳು.

"ಬಿಸಿಲು ಬೇಕು. ನೆಲ ಕಾಯದೆ ಗಾಳಿ ಹೇಗೆ ಬರ್ತದೆ?" ಎಂದರು ಅಪ್ಪ.

ನೆಲ ಕಾಯಿಸುವುದು ತಾನೇ? ನಾನು ಭೂಗೋಳದ ಮಾಸ್ತರರ ಮಗಳಲ್ಲವೇ! ಅಮ್ಮ ಮಳೆಗಾಲದ ಒಲೆಗೆಂದು ಕೂಡಿಟ್ಟಿದ್ದ ಒಣ ತೆಂಗಿನ ಮಡಲುಗಳನ್ನೆಲ್ಲ ಎಳೆದು ತಂದು, ಅಂಗಳದ ನಡುವೆ ರಾಶಿ ಹಾಕಿ, ಬೆಂಕಿ ಕೊಟ್ಟೇಬಿಟ್ಟೆ.

ಅಮ್ಮ ಓಡಿ ಬಂದಳು. "ಎಂತ ಹುಚ್ಚು ನಿನಗೆ! ಮಳೆಗಾಲದಲ್ಲಿ ಒಲೆಗೆ ಎಂತ ಹಾಕುವುದು?"

"ಮಾವನಿಗೆ ಗಾಳಿ ಬೇಕಲ್ಲ ಅಮ್ಮ," ಎಂದು ನಾನು ಅಳತೊಡಗಿದೆ.

ಹೊಡೆಯಲು ಎತ್ತಿದ ಅವಳ ಕೈ ಹಾಗೆಯೇ ನಿಂತಿತು. ಅಪ್ಪ ನಗಲಿಲ್ಲ. ನನ್ನ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, "ನಿನ್ನ ಲೆಕ್ಕ ಸರಿ ಉಂಟು ಮಗಾ. ಒಲೆ ಸಣ್ಣದಾಯ್ತು, ಅಷ್ಟೇ. ದೊಡ್ಡದು ಹಚ್ಚುವವ ನಾಳೆ ಬರ್ತಾನೆ," ಎಂದರು. ಉಳಿದಿದ್ದ ಮಡಲೊಂದನ್ನು ತಾವೇ ಬೆಂಕಿಗೆ ಹಾಕಿದರು.

ಮರುದಿನ ಮೋಡ ಹರಿದು, ಅಂಗಳದಲ್ಲಿ ಕಾಲಿಡಲಾಗದ ಬಿಸಿಲು. ಊಟದ ಹೊತ್ತಿಗೆ ಹಗ್ಗದ ಮೇಲಿದ್ದ ಅಮ್ಮನ ಸೀರೆ ಒಮ್ಮೆ ಅಲುಗಿತು, ಆಮೇಲೆ ಉಬ್ಬಿತು. ಸಂಜೆಯೊಳಗೆ ಮಾವನ ಮಂಜಿ ಹೊಳೆ ಕಡಲು ಸೇರುವ ಅಳಿವೆ ದಾಟಿ ಒಳಗೆ ಬಂತು. ಉಪ್ಪು, ಬೆವರು ನಾರುತ್ತಿದ್ದ ಮಾವ ನನ್ನನ್ನು ಎತ್ತಿಕೊಂಡಾಗ ಅಮ್ಮ, "ನಿನ್ನನ್ನು ಎಳೆದು ತಂದದ್ದು ಇವಳೇ," ಎಂದು ಕಣ್ಣೊರೆಸಿಕೊಂಡಳು. ಆ ಮಳೆಗಾಲವಿಡೀ ಹಸಿ ಸೌದೆ ಊದಿ ಊದಿ ಅವಳ ಕಣ್ಣು ಕೆಂಪಾಗಿತ್ತು. ಒಂದು ದಿನವೂ ನನ್ನನ್ನು ದೂರಲಿಲ್ಲ.

ಈಗ ಮಂಜಿಗಳಿಲ್ಲ, ಹಂಡೆಯ ಒಲೆಯಿಲ್ಲ. ಪಣಂಬೂರಿನ ಹೊಸ ಬಂದರಿಗೆ ಬರುವ ಹಡಗುಗಳಿಗೆ ಗಾಳಿಯ ಹಂಗಿಲ್ಲ. ನನ್ನ ಮೊಮ್ಮಗಳು ಸೆಖೆಯಾದರೆ ಫ್ಯಾನಿನ ಗುಂಡಿ ಒತ್ತುತ್ತಾಳೆ. ಅಪ್ಪ, ಅಮ್ಮ, ಮಾವ ಯಾರೂ ಉಳಿದಿಲ್ಲ. ಆದರೂ ಮಧ್ಯಾಹ್ನ ಪಡುವಣ ಕಿಟಕಿಯ ಪರದೆ ಉಬ್ಬಿದಾಗ ಉಣ್ಣುವ ಕೈ ತಾನಾಗಿ ನಿಲ್ಲುತ್ತದೆ. ಮಗುವಿನ ಹುಚ್ಚು ಬೆಂಕಿಗೆ ತಾವೂ ಒಂದು ಮಡಲು ಹಾಕುವ ಅಪ್ಪ ಎಷ್ಟು ಮಂದಿಗೆ ಸಿಕ್ಕಾರು? ನನಗೆ ಸಿಕ್ಕಿದ್ದರು.